ನಾಲ್ಕು ಇಂಪ್ಲಾಂಟ್ ಹಾಕಿದ ಕೈಗೆ ಐದನೆಯದನ್ನು ಒಂಟಿಯಾಗಿ ಹಾಕಲು ಬರುತ್ತದೆಯೇ?

ಪ್ರಶ್ನೆ: ನಾನು ಉತ್ತರ ಕರ್ನಾಟಕದ ಒಂದು ಖಾಸಗಿ ದಂತ ಕಾಲೇಜಿನಲ್ಲಿ ಪ್ರಾಸ್ಥೊಡಾಂಟಿಕ್ಸ್ (ಕೃತಕ ಹಲ್ಲು ಕಟ್ಟುವ ವಿಭಾಗ) ಎಂಡಿಎಸ್ ಎಂಬ ಸ್ನಾತಕೋತ್ತರ ಕೋರ್ಸಿನ ಕೊನೆಯ ವರ್ಷದಲ್ಲಿದ್ದೇನೆ. ನನ್ನ ಲಾಗ್‌ಬುಕ್ಕಿನಲ್ಲಿರುವ ಇಂಪ್ಲಾಂಟ್ (ಕೃತಕ ಹಲ್ಲಿಗೆ ಬೇರಾಗಿ ದವಡೆಯ ಮೂಳೆಯಲ್ಲಿ ಕೂರಿಸುವ ಲೋಹದ ತಿರುಪು) ಶಸ್ತ್ರಕ್ರಿಯೆಗಳು ನಾಲ್ಕು. ಅವುಗಳಲ್ಲಿ ಎರಡನ್ನು ಅರ್ಧದಲ್ಲಿ ಗೈಡ್ ತಾವೇ ಕೈಗೆತ್ತಿಕೊಂಡು ಮುಗಿಸಿದರು. ಪೆರಿಯೊ (ವಸಡಿನ ಚಿಕಿತ್ಸೆ) ಮತ್ತು ಓರಲ್ ಸರ್ಜರಿ ವಿಭಾಗದ ಪಿಜಿ (ಸ್ನಾತಕೋತ್ತರ) ಗೆಳೆಯರೂ ತಮಗೆ ಸಿಕ್ಕ ತರಬೇತಿ ಸಾಲದು ಎನ್ನುತ್ತಾರೆ. ನಮ್ಮ ಅತೃಪ್ತಿ ನ್ಯಾಯವಾದದ್ದೇ? ಹೊರಬಂದ ಮೇಲೆ ಸ್ವಂತ ಕ್ಲಿನಿಕ್ಕಿನಲ್ಲಿ ಇಂಪ್ಲಾಂಟ್ ಹಾಕುವ ಧೈರ್ಯ ಮಾಡಬಹುದೇ? ಲಕ್ಷ ಮೀರಿದ ಶುಲ್ಕದ ವಾರಾಂತ್ಯದ ಕೋರ್ಸ್ ಸೇರಬೇಕೇ? ಇಂಪ್ಲಾಂಟಿಗೆ ಮೂಳೆ ಕೊರೆಯುವ ಯಂತ್ರವಾದ ಫಿಸಿಯೋಡಿಸ್ಪೆನ್ಸರ್ ಅನ್ನು ಈಗಲೇ ಕೊಂಡಿಡಲೇ?

ಉತ್ತರ: ನಿಮ್ಮ ಅತೃಪ್ತಿ ನ್ಯಾಯವಾದದ್ದೇ, ಆದರೆ ಅದು ಬೊಟ್ಟು ಮಾಡುತ್ತಿರುವ ಜಾಗ ಸ್ವಲ್ಪ ಪಕ್ಕಕ್ಕೆ ಸರಿದಿದೆ ಎಂದು ನನಗನಿಸುತ್ತದೆ. ನೀವು ಎಣಿಸುತ್ತಿರುವುದು ಮೂಳೆಯೊಳಗೆ ಎಷ್ಟು ತಿರುಪು ಇಳಿದವು ಎಂಬುದನ್ನು. ಎಣಿಸಬೇಕಾದದ್ದು, ಒಬ್ಬ ರೋಗಿಯನ್ನು ಮೊದಲ ಸಲ ಕುರ್ಚಿಯಲ್ಲಿ ಕೂರಿಸಿದಂದಿನಿಂದ ಹಿಡಿದು ಆತ ಆ ಹಲ್ಲಿನಲ್ಲಿ ಒಂದು ವರ್ಷ ಜೋಳದ ರೊಟ್ಟಿ ಅಗಿದು ಮರಳಿ ತೋರಿಸಲು ಬರುವವರೆಗಿನ ಇಡೀ ದಾರಿಯನ್ನು ನೀವೇ ಎಷ್ಟು ಸಲ ನಡೆದಿದ್ದೀರಿ ಎಂಬುದನ್ನು. ಹಾಗೆ ಲೆಕ್ಕ ಹಾಕಿದರೆ ನಿಮ್ಮ ಸಂಖ್ಯೆ ನಾಲ್ಕಕ್ಕಿಂತಲೂ ಇಳಿಯುತ್ತದೆ, ಬಹುಶಃ ಸೊನ್ನೆಯೇ ಆಗುತ್ತದೆ. ಬಹಳ ವರ್ಷಗಳಿಂದ ಪಿಜಿಗಳಿಗೆ ಗೈಡ್ ಆಗಿರುವ ನನಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ, ಏಕೆಂದರೆ ಈ ಕೊರತೆಯಲ್ಲಿ ನಮ್ಮಂಥವರ ಪಾಲೂ ಇದೆ.

ಮೂರು ವಿಭಾಗದ ಪಿಜಿಗಳನ್ನು ಬೇರೆ ಬೇರೆಯಾಗಿ ಕೂರಿಸಿ ಕೇಳಿದರೆ ಮೂರು ಬೇರೆ ದೂರುಗಳು ಬರುತ್ತವೆ. ಪ್ರಾಸ್ಥೊದವರು, ಹಲ್ಲು ಕಟ್ಟುವವರು ನಾವು, ಅದರ ಬುನಾದಿ ಹಾಕುವ ಕೆಲಸ ಮಾತ್ರ ಬೇರೆಯವರದ್ದು ಎನ್ನುತ್ತಾರೆ. ಓರಲ್ ಸರ್ಜರಿಯವರಿಗೆ ಹೊಲಿಗೆ ಬಿಚ್ಚಿದ ಮೇಲೆ ಆ ರೋಗಿ ಮತ್ತೆ ಕಣ್ಣಿಗೆ ಬೀಳುವುದಿಲ್ಲ; ತಾವು ಕೂರಿಸಿದ ಇಂಪ್ಲಾಂಟಿನ ಮೇಲೆ ಎಂಥ ಹಲ್ಲು ಬಂತು, ಅಥವಾ ಹಲ್ಲು ಕೂರಿಸಲು ಪ್ರಾಸ್ಥೊದವರು ಎಷ್ಟು ಒದ್ದಾಡಿದರು ಎಂಬುದು ಅವರಿಗೆ ಗೊತ್ತೇ ಆಗುವುದಿಲ್ಲ. ಪೆರಿಯೊದವರು, ವಸಡು ಊದಿಕೊಂಡು ಮೂಳೆ ಕರಗಲು ಶುರುವಾದ ಮೇಲೆ ನಮ್ಮನ್ನು ಕರೆಯುತ್ತಾರೆ ಎಂದು ಬೇಸರಿಸುತ್ತಾರೆ. ಮೂರೂ ನಿಜ. ಒಂದೇ ಚಿಕಿತ್ಸೆಯನ್ನು ಮೂರು ತುಂಡು ಮಾಡಿ ಮೂರು ಮಹಡಿಗಳಲ್ಲಿ ಹಂಚಿದ ಮೇಲೆ, ಯಾರ ಕೈಯಲ್ಲಿ ಯಾವ ತುಂಡಿದ್ದರೂ ಅದು ಅಪೂರ್ಣವೆಂದೇ ಅನಿಸುತ್ತದೆ. ಭಾರತೀಯ ದಂತ ಪರಿಷತ್ತು ಮಾನ್ಯ ಮಾಡಿರುವ 9 ಎಂಡಿಎಸ್ ವಿಭಾಗಗಳಲ್ಲಿ ಇಂಪ್ಲಾಂಟಾಲಜಿ ಎಂಬುದು ಪ್ರತ್ಯೇಕವಾಗಿ ಇಲ್ಲ. ಎಲ್ಲರಿಗೂ ಸೇರಿದ ಹೊಲದ ಬದು ಯಾರು ಹಾಕಬೇಕು ಎಂಬ ಜಗಳ ಅಲ್ಲಿಂದಲೇ ಹುಟ್ಟುತ್ತದೆ.

ಈ ಬದುವಿಗೆ ಒಂದು ಇತಿಹಾಸವೂ ಇದೆ. 1950ರ ದಶಕದ ಆರಂಭದಲ್ಲಿ ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೊನೆಮಾರ್ಕ್ ಮೊಲದ ಮೂಳೆಯಲ್ಲಿ ರಕ್ತಸಂಚಾರವನ್ನು ನೋಡಲೆಂದು ಕೂರಿಸಿದ್ದ ಟೈಟಾನಿಯಂ ಉಪಕರಣವು ಮೂಳೆಗೆ ಬೆಸೆದುಕೊಂಡು ಬಿಡದೆ ಹೋದದ್ದು, 1965ರಲ್ಲಿ ಅವರು ಮೊದಲ ರೋಗಿಯ ದವಡೆಯಲ್ಲಿ ಇಂಪ್ಲಾಂಟ್ ಇಟ್ಟದ್ದು ನಿಮಗೆ ಪಾಠದಲ್ಲಿ ಬಂದಿರುತ್ತದೆ. ಅವರು ದಂತವೈದ್ಯರಾಗಿರಲಿಲ್ಲ. ಅವರ ವಿಧಾನವು ಎರಡು ಹಂತದ್ದು: ಮೊದಲು ಇಂಪ್ಲಾಂಟನ್ನು ಮೂಳೆಯಲ್ಲಿ ಹೂತು ವಸಡು ಮುಚ್ಚಿ ಹೊಲಿಯುವುದು, ಕೆಳದವಡೆಯಾದರೆ ಸುಮಾರು 3 ತಿಂಗಳು, ಮೇಲ್ದವಡೆಯಾದರೆ 6 ತಿಂಗಳು ಕಾಯುವುದು, ಆಮೇಲೆ ತೆರೆದು ಹಲ್ಲು ಕಟ್ಟುವುದು. 1982ರ ಟೊರಾಂಟೊ ಸಮ್ಮೇಳನದ ನಂತರ ಈ ವಿದ್ಯೆ ಉತ್ತರ ಅಮೆರಿಕಕ್ಕೆ ಹರಡಿದಾಗ ಹೂಳುವವರು ಸರ್ಜನ್, ಕಟ್ಟುವವರು ಪ್ರಾಸ್ಥೊಡಾಂಟಿಸ್ಟ್ ಎಂಬ ವಿಂಗಡಣೆಯೂ ಜೊತೆಗೇ ಹರಡಿತು. ನಡುವಿನ ಆ ಕೆಲವು ತಿಂಗಳ ಮೌನವೇ ಎರಡು ವಿಭಾಗಗಳ ನಡುವಿನ ಗೋಡೆಯಾಯಿತು ಎಂದರೂ ತಪ್ಪಿಲ್ಲ. ಮುಂದೆ, ಬರಬೇಕಾದ ಹಲ್ಲಿನ ಜಾಗವನ್ನು ಮೊದಲು ಗೊತ್ತುಮಾಡಿ ಅದಕ್ಕೆ ತಕ್ಕಂತೆ ಇಂಪ್ಲಾಂಟಿನ ಜಾಗವನ್ನು ನಿರ್ಧರಿಸಬೇಕು ಎಂಬ ತಿಳಿವಳಿಕೆ ಬಲವಾದ ಮೇಲೆ ಆ ಗೋಡೆಗೆ ಅರ್ಥ ಉಳಿಯಲಿಲ್ಲ. ಅಮೆರಿಕದಲ್ಲಿ ಪ್ರಾಸ್ಥೊಡಾಂಟಿಕ್ಸ್ ರೆಸಿಡೆಂಟರ ತರಬೇತಿಯ ಮಾನ್ಯತಾ ನಿಯಮಗಳು ಇಂಪ್ಲಾಂಟ್ ಕೂರಿಸುವ ಶಸ್ತ್ರಕ್ರಿಯೆಯನ್ನೂ ಒಳಗೊಂಡದ್ದು ಈ ಕಾರಣಕ್ಕೇ. ನಮ್ಮಲ್ಲಿ ಗೋಡೆಯ ಎತ್ತರ ಕಾಲೇಜಿನಿಂದ ಕಾಲೇಜಿಗೆ ಬದಲಾಗುತ್ತದೆ, ಮತ್ತು ಅದನ್ನು ನಿರ್ಧರಿಸುವುದು ಎಷ್ಟೋ ಸಲ ಇಬ್ಬರು ವಿಭಾಗ ಮುಖ್ಯಸ್ಥರು ಒಟ್ಟಿಗೆ ಚಹಾ ಕುಡಿಯುತ್ತಾರೋ ಇಲ್ಲವೋ ಎಂಬುದು.

ಕೇಸುಗಳು ಕಡಿಮೆ ಸಿಗುವುದಕ್ಕೆ ಗೋಡೆಗಿಂತ ದೊಡ್ಡ ಕಾರಣ ದುಡ್ಡು. ಕಾಲೇಜಿನ ಒಪಿಡಿಗೆ ಬೆಳಗಿನ ಬಸ್ಸಿಗೆ ಬಂದಿಳಿಯುವ ಹಿರಿಯರು ಬರುವುದೇ ಕಡಿಮೆ ಖರ್ಚಿನಲ್ಲಿ ಹಲ್ಲಿನ ಸೆಟ್ ಸಿಗುತ್ತದೆಂದು. ಅವರಿಗೆ ಸಿಬಿಸಿಟಿ (ದವಡೆಯ ಮೂರು ಆಯಾಮದ ಸ್ಕ್ಯಾನ್), ಇಂಪ್ಲಾಂಟ್, ಅಬಟ್‌ಮೆಂಟ್ (ಇಂಪ್ಲಾಂಟಿಗೂ ಹಲ್ಲಿಗೂ ನಡುವಿನ ಕೊಂಡಿ), ಲ್ಯಾಬಿನ ಕ್ರೌನ್ (ಮೇಲೆ ಕೂರುವ ಕೃತಕ ಹಲ್ಲು) ಎಂದು ಒಂದೊಂದಾಗಿ ಹೇಳುತ್ತ ಹೋದರೆ ಎರಡನೆಯ ಮಾತಿಗೇ ಎದ್ದು ನಿಲ್ಲುತ್ತಾರೆ. ಕೊನೆಗೆ ಪರೀಕ್ಷೆಗೆ ಬೇಕಾದ ಕೇಸಿನ ಇಂಪ್ಲಾಂಟಿಗೆ ಪಿಜಿ ತನ್ನ ಸ್ಟೈಪೆಂಡಿನಿಂದಲೇ ಕೊಟ್ಟ ಉದಾಹರಣೆಗಳನ್ನು ನಾನು ನೋಡಿದ್ದೇನೆ, ಮತ್ತು ಆಗೆಲ್ಲ ನಾಚಿಕೆಪಟ್ಟಿದ್ದೇನೆ. ಹಾಗೆ ದುಡ್ಡು ಕೊಟ್ಟು ತಂದ ಕೇಸಿನಲ್ಲಿ, ಇವರಿಗೆ ಇಂಪ್ಲಾಂಟ್ ಬೇಡ, ಪಕ್ಕದ ಹಲ್ಲುಗಳ ಆಧಾರದಲ್ಲಿ ಕಟ್ಟುವ ಬ್ರಿಡ್ಜ್ ಸಾಕು ಎನ್ನುವ ಸ್ವಾತಂತ್ರ್ಯವೇ ವಿದ್ಯಾರ್ಥಿಗೆ ಇರುವುದಿಲ್ಲ. ಬೇಡ ಎನ್ನುವುದನ್ನು ಕಲಿಯದ ಕೈ ಎಷ್ಟು ಇಂಪ್ಲಾಂಟ್ ಹಾಕಿದ್ದರೂ ನನಗೆ ಭಯ.

ಈಗ ನಿಮ್ಮ ಗೈಡ್ ಅರ್ಧದಲ್ಲಿ ಹ್ಯಾಂಡ್‌ಪೀಸ್ (ಡ್ರಿಲ್ ಕೂರಿಸಿ ಕೈಯಲ್ಲಿ ಹಿಡಿಯುವ ಉಪಕರಣ) ತೆಗೆದುಕೊಂಡ ವಿಷಯ. ನಿಮ್ಮ ಪತ್ರದಲ್ಲಿ ನೋವಿರುವುದು ಆ ಒಂದು ವಾಕ್ಯದಲ್ಲಿ, ಆದ್ದರಿಂದ ಅಲ್ಲಿ ಸ್ವಲ್ಪ ನಿಲ್ಲುತ್ತೇನೆ. ಕೆಳದವಡೆಯ ಒಂದನೇ ಮೋಲಾರ್ (ದವಡೆಹಲ್ಲು) ಜಾಗ ಎಂದುಕೊಳ್ಳಿ. ಫ್ಲಾಪ್ (ಮೂಳೆ ಕಾಣಲು ಬಿಡಿಸಿದ ವಸಡಿನ ಪದರ) ತೆರೆದಿದೆ, ಮೊದಲ ತೂತು ಕೊರೆಯುವ 2 ಮಿ.ಮೀ. ಪೈಲಟ್ ಡ್ರಿಲ್ ಇಳಿಯುತ್ತಿದೆ, ಸಲೈನ್ ಸುರಿಯುತ್ತಿದೆ, ಸಕ್ಷನ್ ಹಿಡಿದ ಜೂನಿಯರ್‌ನ ಕೈ ನಡುಗುತ್ತಿದೆ. ರೋಗಿಯ ಬಾಯಿ ಸಾಲದಷ್ಟು ತೆರೆದಿರುವುದರಿಂದ ಹ್ಯಾಂಡ್‌ಪೀಸಿನ ತಲೆ ಮೇಲಿನ ಹಲ್ಲಿಗೆ ತಾಗುತ್ತದೆ. ಅದನ್ನು ತಪ್ಪಿಸಲು ನಿಮ್ಮ ಮಣಿಕಟ್ಟು ನಿಮಗೇ ತಿಳಿಯದಂತೆ ವಾಲುತ್ತದೆ, ಡ್ರಿಲ್ಲಿನ ತುದಿ ನಾಲಿಗೆಯ ಕಡೆಗೆ ಸರಿಯುತ್ತದೆ. ಆ ಜಾಗದಲ್ಲಿ ಮೂಳೆಯ ಒಳಗೋಡೆ ಕೆಳಗೆ ಹೋದಂತೆ ಒಳಕ್ಕೆ ಗುಳಿ ಬಿದ್ದಿರುತ್ತದೆ. ಅದನ್ನು ತೂತು ಮಾಡಿ ಆಚೆಯ ರಕ್ತನಾಳಕ್ಕೆ ತಾಗಿದರೆ ಬಾಯಿಯ ತಳವೇ ಊದಿಕೊಂಡು ಉಸಿರಿನ ದಾರಿಗೆ ಅಡ್ಡ ಬರಬಹುದು. ಕೆಳಗೆ ನರದ ಕಾಲುವೆಯಿಂದ ಉಳಿಸಿಕೊಳ್ಳಬೇಕಾದ ಅಂತರ 2 ಮಿ.ಮೀ.; ಡ್ರಿಲ್ಲಿನ ಮೇಲಿನ ಗೆರೆ 10 ಎಂದು ತೋರಿಸುತ್ತಿದ್ದರೂ ಎಷ್ಟೋ ಕಂಪನಿಗಳ ಡ್ರಿಲ್ಲುಗಳಲ್ಲಿ ಚೂಪು ತುದಿ ಆ ಗೆರೆಯ ಲೆಕ್ಕಕ್ಕೆ ಸೇರದೆ ಮುಂದಕ್ಕೆ ಚಾಚಿರುತ್ತದೆ. ಇಷ್ಟನ್ನೂ ಪಕ್ಕದಲ್ಲಿ ನಿಂತು ನೋಡುತ್ತಿರುವ ಗೈಡಿಗೆ ಮನಸ್ಸಿನಲ್ಲಿ ಲೆಕ್ಕ ನಡೆಯುತ್ತಿರುತ್ತದೆ. ಯಾವುದೋ ಒಂದು ಕ್ಷಣದಲ್ಲಿ ಅವರ ಕೈ ತಾನಾಗಿ ಮುಂದೆ ಬರುತ್ತದೆ.

ಕೈ ಮುಂದೆ ಬಂದದ್ದು ತಪ್ಪಲ್ಲ, ರೋಗಿ ಮೊದಲು. ತಪ್ಪಿರುವುದು ಆಮೇಲೆ ಏನೂ ಹೇಳದಿರುವುದರಲ್ಲಿ. ಕೆಲವು ವರ್ಷಗಳ ಹಿಂದೆ ನಾನೂ ಹೀಗೆಯೇ ಒಬ್ಬ ವಿದ್ಯಾರ್ಥಿನಿಯ ಕೈಯಿಂದ ಹ್ಯಾಂಡ್‌ಪೀಸ್ ತೆಗೆದುಕೊಂಡು ಐದು ನಿಮಿಷದಲ್ಲಿ ಕೆಲಸ ಮುಗಿಸಿ, ಗ್ಲೌಸ್ ಕಳಚಿ ಹೊರಟುಬಿಟ್ಟೆ. ಆರು ತಿಂಗಳ ನಂತರ ಅವರು ಇನ್ನೊಂದು ಕೇಸಿನಲ್ಲಿ ಅದೇ ಕೋನದಲ್ಲಿ, ಅದೇ ರೀತಿ ವಾಲಿಸಿ ಹಿಡಿದಾಗ ನನಗೆ ಅರ್ಥವಾದದ್ದು, ಅಂದು ಅವರು ಕಲಿತದ್ದು ತಮ್ಮ ಕೈ ಚೆನ್ನಾಗಿಲ್ಲ ಎಂಬುದನ್ನು ಮಾತ್ರ, ಯಾಕೆ ಚೆನ್ನಾಗಿಲ್ಲ ಎಂಬುದನ್ನಲ್ಲ. ಅಂದಿನಿಂದ ನಾನು ಪೈಲಟ್ ಡ್ರಿಲ್ ಅರ್ಧ ಆಳಕ್ಕೆ ಇಳಿದ ಕೂಡಲೇ ನಿಲ್ಲಿಸಿ, ದಿಕ್ಕು ತೋರಿಸುವ ಪ್ಯಾರಲಲಿಂಗ್ ಪಿನ್ ಹಾಕಿಸಿ, ಆರ್‌ವಿಜಿ (ಡಿಜಿಟಲ್ ಎಕ್ಸ್‌ರೇ) ತೆಗೆಸಿ, ಈಗ ಏನು ಬದಲಿಸುತ್ತೀರಿ ಎಂದು ಕೇಳುತ್ತೇನೆ. ಅಷ್ಟು ಆಳದಲ್ಲಿ ದಿಕ್ಕನ್ನು ಇನ್ನೂ ತಿದ್ದಬಹುದು. ನಿಮ್ಮ ಗೈಡ್ ಹೀಗೆ ಕೇಳದಿದ್ದರೆ ನೀವೇ ಕೇಳಿ: ಸರ್, ನನ್ನದು ಎಲ್ಲಿ ತಪ್ಪುತ್ತಿತ್ತು? ಬೈಗುಳ ಬಂದರೂ ಅದರ ಒಳಗೆ ಉತ್ತರ ಇರುತ್ತದೆ.

ಹಾಗಾದರೆ ಎಷ್ಟು ಹಾಕಿದರೆ ಸಾಕು? ಯಾವ ಸಂಖ್ಯೆಯೂ ಯಾರನ್ನೂ ಸಮರ್ಥರನ್ನಾಗಿ ಮಾಡುವುದಿಲ್ಲವಾದರೂ, ಕೇಳಿದ ಮೇಲೆ ಉತ್ತರಿಸದೆ ಜಾರಿಕೊಳ್ಳುವುದೂ ಸರಿಯಲ್ಲ. ಒಂದೇ ಕೈಯಲ್ಲಿ ಯೋಜನೆಯಿಂದ ಕ್ರೌನ್‌ವರೆಗೆ ಮುಗಿದ ಹತ್ತು ಸರಳ ಕೇಸುಗಳಾದರೆ ವಿದ್ಯಾರ್ಥಿಯ ಕಣ್ಣು ತೆರೆಯುತ್ತದೆ ಎಂಬುದು ನನ್ನ ಅನುಭವದ ಅಂದಾಜು, ಇದು ನಿಯಮವಲ್ಲ. ಸರಳ ಎಂಬ ಮಾತನ್ನು ನಾನು ಹಗುರವಾಗಿ ಬಳಸುತ್ತಿಲ್ಲ. ಸ್ವಿಟ್ಜರ್ಲೆಂಡಿನ ಐಟಿಐ ಸಂಸ್ಥೆ ಇಂಪ್ಲಾಂಟ್ ಕೇಸುಗಳನ್ನು ಸರಳ, ಮುಂದುವರಿದ, ಸಂಕೀರ್ಣ ಎಂದು ಮೂರಾಗಿ ವಿಂಗಡಿಸುವ ಒಂದು ಪದ್ಧತಿಯನ್ನು ರೂಪಿಸಿದೆ, ಅದಕ್ಕೆ ಎಸ್‌ಎಸಿ ಎನ್ನುತ್ತಾರೆ. ಅದರ ವಿಶೇಷವೆಂದರೆ ಒಂದೇ ಕೇಸು ಶಸ್ತ್ರಕ್ರಿಯೆಯ ದೃಷ್ಟಿಯಿಂದ ಸರಳವಾಗಿದ್ದು, ಹಲ್ಲು ಕಟ್ಟುವ ದೃಷ್ಟಿಯಿಂದ ಸಂಕೀರ್ಣವಾಗಿರಬಹುದು ಎಂಬುದನ್ನು ಅದು ಒಪ್ಪುತ್ತದೆ. ನಿಮ್ಮ ನಾಲ್ಕು ಕೇಸುಗಳನ್ನು ಒಮ್ಮೆ ಆ ಕೋಷ್ಟಕದಲ್ಲಿ ಇಟ್ಟು ನೋಡಿ. ನಾಲ್ಕರಲ್ಲಿ ಎರಡಾದರೂ ಕಲಿಯುವವರಿಗೆ ಕೊಡಬಾರದಿದ್ದ ಕೇಸುಗಳು ಎಂದು ತೇಲಿದರೆ ಗೈಡ್ ಕೈಹಾಕಿದ್ದೇಕೆ ಎಂಬುದಕ್ಕೂ ಉತ್ತರ ಸಿಕ್ಕೀತು. ಎಷ್ಟೋ ಕಾಲೇಜುಗಳಲ್ಲಿ ಕೇಸನ್ನು ಕಷ್ಟ ನೋಡಿ ಹಂಚುವುದಿಲ್ಲ, ಸರದಿ ನೋಡಿ ಹಂಚುತ್ತಾರೆ.

ಕೈಯ ಕೆಲಸ ಏನೂ ಅಲ್ಲ ಎಂದು ನಾನು ಹೇಳುತ್ತಿಲ್ಲ. ಮೂಳೆಯ ಗಡಸುತನ ಪುಸ್ತಕದಲ್ಲಿ ಒಂದರಿಂದ ನಾಲ್ಕು ಎಂಬ ಅಂಕಿಗಳಾಗಿ ಕಾಣುತ್ತದೆ. ಕೈಗೆ ಅದು ಬೇರೆಯೇ ಭಾಷೆಯಲ್ಲಿ ತಿಳಿಯುತ್ತದೆ. ಕೆಳದವಡೆಯ ಮುಂಭಾಗದಲ್ಲಿ ಹುಣಸೆ ಮರ ಕೊರೆದಂತೆ, ಮೇಲ್ದವಡೆಯ ಹಿಂಭಾಗದಲ್ಲಿ ಬೆಂಡಿಗೆ ಮೊಳೆ ಒತ್ತಿದಂತೆ. ಮೊದಲನೆಯದರಲ್ಲಿ ಅಪಾಯ ಬಿಸಿಯದ್ದು, ಎರಡನೆಯದರಲ್ಲಿ ಹಿಡಿತವಿಲ್ಲದ್ದು. ಮೂಳೆ 47 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ನಿಮಿಷ ಇದ್ದರೆ ಸಾಕು, ಹಾನಿ ಶುರುವಾಗುತ್ತದೆ. ಆದ್ದರಿಂದಲೇ ನಿಮಿಷಕ್ಕೆ 800ರಿಂದ 1200 ಸುತ್ತು, ತಣ್ಣನೆಯ ಸಲೈನ್, ಎತ್ತಿ ಇಳಿಸಿ ಎತ್ತಿ ಇಳಿಸಿ ಕೊರೆಯುವುದು. ಇಲ್ಲಿ ಪಿಜಿಗಳು ಯಾರೂ ದೂರದ ಒಂದು ವಿಷಯವನ್ನು ನಾನೇ ಅವರ ಪರವಾಗಿ ದೂರುತ್ತೇನೆ: ವಿಭಾಗದ ಕಿಟ್ಟಿನಲ್ಲಿರುವ ಡ್ರಿಲ್ಲುಗಳು ಎಷ್ಟು ಸಲ ಬಳಕೆಯಾಗಿವೆ ಎಂಬ ಲೆಕ್ಕವನ್ನು ಹೆಚ್ಚಿನ ಕಡೆ ಯಾರೂ ಇಟ್ಟಿರುವುದಿಲ್ಲ. ಮೊಂಡು ಡ್ರಿಲ್ಲಿನಲ್ಲಿ ಕಲಿತವರು ಒತ್ತಿ ಕೊರೆಯುವುದನ್ನೇ ಕಲಿಯುತ್ತಾರೆ, ಆ ಅಭ್ಯಾಸ ಹೊಸ ಡ್ರಿಲ್ ಕೈಗೆ ಬಂದ ದಿನ ನರದ ಕಾಲುವೆಯವರೆಗೆ ಹೋಗಿ ನಿಲ್ಲುತ್ತದೆ. ಒಂದು ನೋಟ್‌ಬುಕ್ ಕಿಟ್ಟಿನ ಜೊತೆ ಇಟ್ಟು ಪ್ರತಿ ಬಳಕೆಗೆ ಒಂದು ಗೀಟು ಎಳೆಯಲು ಯಾರ ಅಪ್ಪಣೆಯೂ ಬೇಕಿಲ್ಲ. ಅಭ್ಯಾಸಕ್ಕೆ ಪ್ಲಾಸ್ಟಿಕ್ ಮಾದರಿಗಿಂತ ಮಟನ್ ಅಂಗಡಿಯಿಂದ ತಂದ ಕುರಿಯ ದವಡೆ ಎಷ್ಟೋ ಮೇಲು. ಮೂಳೆಯ ಹೊರಪದರ ದಾಟಿ ಒಳಗಿನ ಮೆತ್ತಗಿನ ಭಾಗಕ್ಕೆ ಡ್ರಿಲ್ ಬಿದ್ದಾಗಿನ ಆ ಸಣ್ಣ ಜಗ್ಗು ಅದರಲ್ಲಿ ತಿಳಿಯುತ್ತದೆ.

ಮೂರು ವರ್ಷದ ಕೋರ್ಸಿನ ನಿಜವಾದ ಗಾಯ ಇನ್ನೊಂದು ಕಡೆ ಇದೆ. ನೀವು ಮೂರನೆಯ ವರ್ಷದಲ್ಲಿ ಹಾಕಿದ ಇಂಪ್ಲಾಂಟಿನ ಮೇಲೆ ಕ್ರೌನ್ ಕೂರಿಸುವವರು ನಿಮ್ಮ ಜೂನಿಯರ್. ಅದರ ಸುತ್ತ ಮೂಳೆ ಎಷ್ಟು ಇಳಿಯಿತು ಎಂದು ನೋಡುವವರು ಯಾರೂ ಇಲ್ಲ. ಆಲ್ಬ್ರೆಕ್ಟ್‌ಸನ್ ಮತ್ತು ಸಂಗಡಿಗರು 1986ರಲ್ಲಿ ಮುಂದಿಟ್ಟ ಯಶಸ್ಸಿನ ಮಾನದಂಡದಲ್ಲಿ, ಮೊದಲ ವರ್ಷ ಕಳೆದ ಮೇಲೆ ಮೂಳೆಯ ಇಳಿತ ವರ್ಷಕ್ಕೆ 0.2 ಮಿ.ಮೀ.ಗಿಂತ ಕಡಿಮೆ ಇರಬೇಕು. ಮೊದಲ ವರ್ಷವೇ ಮುಗಿಯುವ ಮುನ್ನ ಕಾಲೇಜು ಬಿಡುವವರು ಈ ಮಾನದಂಡವನ್ನು ವೈವಾದಲ್ಲಿ ಒಪ್ಪಿಸುತ್ತಾರೆ, ಕಣ್ಣಾರೆ ನೋಡಿರುವುದಿಲ್ಲ. ಮೊದಲ ಇಂಪ್ಲಾಂಟ್ ಮೊದಲ ವರ್ಷದ ಕೊನೆಗಾದರೂ ಆಗಬೇಕು, ಮಹಾಪ್ರಬಂಧದ ವಿಷಯ ಏನೇ ಇದ್ದರೂ ಆ ಒಬ್ಬ ರೋಗಿಯನ್ನು ಕೊನೆಯವರೆಗೆ ಅದೇ ಪಿಜಿ ನೋಡಬೇಕು ಎಂದು ನಮ್ಮ ವಿಭಾಗದ ಸಭೆಗಳಲ್ಲಿ ನಾನು ಹೇಳುತ್ತ ಬಂದಿದ್ದೇನೆ. ಎಲ್ಲರೂ ತಲೆಯಾಡಿಸುತ್ತಾರೆ, ಆಮೇಲೆ ಮುಂದಿನ ವಿಷಯಕ್ಕೆ ಹೋಗುತ್ತಾರೆ.

ತೃಪ್ತಿಯ ಬಗೆಗೆ ಒಂದು ಮಾತು. ಕೋರ್ಸಿನ ಕೊನೆಯಲ್ಲಿ ನಿಮ್ಮಿಂದ ತುಂಬಿಸುವ ಫೀಡ್‌ಬ್ಯಾಕ್ ಫಾರಂಗಳಲ್ಲಿ ಇಂಪ್ಲಾಂಟ್ ತರಬೇತಿಗೆ ಐದಕ್ಕೆ ಎಷ್ಟು ಅಂಕ ಕೊಡುತ್ತೀರಿ ಎಂಬ ಪ್ರಶ್ನೆ ಇರುತ್ತದೆ. ಅವುಗಳನ್ನು ಓದುತ್ತ ನಾನು ಗಮನಿಸಿದ್ದು: ಎರಡು ಮೂರು ಕೇಸು ಸಲೀಸಾಗಿ ಮುಗಿದವರು ತಮಗೆ ತಾವೇ ಹೆಚ್ಚು ಅಂಕ ಕೊಟ್ಟುಕೊಳ್ಳುತ್ತಾರೆ, ಒಂದು ಇಂಪ್ಲಾಂಟ್ ಮೂಳೆಗೆ ಬೆಸೆಯದೆ ಕೈಯಲ್ಲೇ ತಿರುಗಿ ಬಂದದ್ದನ್ನು ಕಂಡವರು ಕಡಿಮೆ ಕೊಡುತ್ತಾರೆ. ಇಬ್ಬರಲ್ಲಿ ನನ್ನ ಸ್ವಂತ ಬಾಯಿಯನ್ನು ಯಾರಿಗೆ ಒಪ್ಪಿಸುತ್ತೇನೆ ಎಂದರೆ ಎರಡನೆಯವರಿಗೆ. ಆದ್ದರಿಂದ ನಿಮ್ಮ ಗೆಳೆಯರ ಅಸಮಾಧಾನವನ್ನು ನಾನು ಕೆಟ್ಟ ಲಕ್ಷಣವೆಂದು ಓದುವುದಿಲ್ಲ. ಮತ್ತು ಗೈಡ್ ಎದುರಿಗೆ ಕೂತು ತುಂಬಿದ ಫಾರಂಗಳನ್ನು ನಾನು ಯಾವ ರೀತಿಯಲ್ಲೂ ಓದುವುದಿಲ್ಲ.

ವಾರಾಂತ್ಯದ ಕೋರ್ಸುಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಖಾರವಾಗಿದೆ, ಅದನ್ನು ಮುಚ್ಚಿಡುವುದಿಲ್ಲ. ಬಹಳಷ್ಟು ಕೋರ್ಸುಗಳು ಒಂದು ಕಂಪನಿಯ ಕಿಟ್ಟನ್ನು ಬಳಸಲು ಕಲಿಸುತ್ತವೆ, ಪ್ರಮಾಣಪತ್ರದ ಜೊತೆ ಆ ಕಿಟ್ಟಿನ ದರಪಟ್ಟಿಯನ್ನೂ ಕೈಗಿಡುತ್ತವೆ. ಎಲ್ಲವೂ ಹಾಗಲ್ಲ, ಹುಡುಕಿದರೆ ಒಳ್ಳೆಯವೂ ಇವೆ. ಶುಲ್ಕ ಕಟ್ಟುವ ಮುನ್ನ ನಾಲ್ಕು ವಿಷಯ ವಿಚಾರಿಸಿ: ನೀವು ಇಂಪ್ಲಾಂಟ್ ಹಾಕುವ ರೋಗಿಯ ಸಿಬಿಸಿಟಿಯನ್ನು ಹಿಂದಿನ ದಿನವೇ ನಿಮಗೆ ತೋರಿಸುತ್ತಾರೆಯೇ, ಫ್ಲಾಪ್ ತೆರೆಯುವುದು ಮತ್ತು ಹೊಲಿಯುವುದು ನಿಮ್ಮ ಕೈಯಲ್ಲೇ ಆಗುತ್ತದೆಯೇ, ಮೂರು ನಾಲ್ಕು ತಿಂಗಳ ನಂತರ ಅದೇ ರೋಗಿಯನ್ನು ನೋಡಲು ಕರೆಯುತ್ತಾರೆಯೇ, ಏನಾದರೂ ಕೆಟ್ಟರೆ ಆ ರೋಗಿಗೆ ಜವಾಬ್ದಾರರು ಯಾರು. ಮೂರನೆಯ ಪ್ರಶ್ನೆಗೆ ಇಲ್ಲ ಎಂದರೆ, ನಿಮ್ಮ ಕಾಲೇಜಿನಲ್ಲಿ ಯಾವ ಕೊರತೆ ಇದೆಯೋ ಅದನ್ನೇ ದುಡ್ಡು ಕೊಟ್ಟು ಮತ್ತೊಮ್ಮೆ ಕೊಳ್ಳುತ್ತಿದ್ದೀರಿ. ಕೊನೆಯದಕ್ಕೆ ಉತ್ತರ ತಡವರಿಸಿದರೆ ಎದ್ದು ಬನ್ನಿ.

ಸ್ವಂತ ಕ್ಲಿನಿಕ್ಕಿನಲ್ಲಿ ಹಾಕಬಹುದೇ ಎಂದರೆ, ಹಾಕಬಹುದು, ಬೇಲಿ ಹಾಕಿಕೊಂಡು. ಹಲ್ಲು ಕಿತ್ತು ಹಲವು ತಿಂಗಳಾಗಿ ಮೂಳೆ ಚೆನ್ನಾಗಿ ತುಂಬಿಕೊಂಡಿರುವ ಕೆಳದವಡೆಯ ಒಂಟಿ ಮೋಲಾರ್ ಅಥವಾ ಪ್ರೀಮೋಲಾರ್ ಜಾಗ, ಪಕ್ಕದ ಹಲ್ಲುಗಳಿಂದ 1.5 ಮಿ.ಮೀ. ಮತ್ತು ನರದಿಂದ 2 ಮಿ.ಮೀ. ಬಿಟ್ಟ ಮೇಲೂ ಇಂಪ್ಲಾಂಟಿಗೆ ಬೇಕಾದ ಜಾಗ ಸಿಬಿಸಿಟಿಯಲ್ಲಿ ಆರಾಮವಾಗಿ ಕಾಣುತ್ತಿದ್ದರೆ, ರೋಗಿಯ ಸಕ್ಕರೆ ಹತೋಟಿಯಲ್ಲಿದ್ದು ಬಾಯಿ ಸ್ವಚ್ಛವಾಗಿದ್ದರೆ, ಅದು ನಿಮ್ಮದು. ಬರಿಯ ಒಪಿಜಿ (ಇಡೀ ದವಡೆಯ ಎಕ್ಸ್‌ರೇ) ನೋಡಿ ಅಳತೆ ಮಾಡಬೇಡಿ, ಅದರಲ್ಲಿ ಚಿತ್ರ ಹಿಗ್ಗಿರುತ್ತದೆ, ಅಗಲ ಕಾಣುವುದೇ ಇಲ್ಲ. ಮೇಲ್ದವಡೆಯ ಮುಂಭಾಗದ ಹಲ್ಲು ನೋಡಲು ಸುಲಭವಾಗಿ ಕಾಣುತ್ತದೆ, ಆದರೆ ಅಲ್ಲಿ ಅರ್ಧ ಮಿ.ಮೀ. ತಪ್ಪಿದರೂ ರೋಗಿ ಪ್ರತಿ ದಿನ ಕನ್ನಡಿಯಲ್ಲಿ ಅದನ್ನು ನೋಡುತ್ತಾರೆ; ಅದು ಬೇಡ. ಸೈನಸ್ (ಮೂಗಿನ ಪಕ್ಕದ ಗಾಳಿಗೂಡು) ಕೆಳಗಿಳಿದಿರುವ ಮೇಲ್ದವಡೆಯ ಹಿಂಭಾಗ, ಹಲ್ಲು ಕಿತ್ತ ಕೂಡಲೇ ಹಾಕುವುದು, ಮೂಳೆ ಸವೆತಕ್ಕೋ ಕ್ಯಾನ್ಸರಿಗೋ ಬಿಸ್ಫಾಸ್ಫೊನೇಟ್ ಔಷಧಿ ತೆಗೆದುಕೊಳ್ಳುತ್ತಿರುವವರು, ದಿನಕ್ಕೆ ಪ್ಯಾಕು ಸಿಗರೇಟು ಸೇದುವವರು, ಇವರನ್ನೆಲ್ಲ ಸದ್ಯಕ್ಕೆ ಬೇರೆಯವರ ಬಳಿ ಕಳಿಸಿ, ಸಾಧ್ಯವಾದರೆ ನೀವೂ ಜೊತೆಗೆ ಹೋಗಿ ಪಕ್ಕದಲ್ಲಿ ನಿಲ್ಲಿ.

ಕಾಲೇಜಿನಲ್ಲಿ ಉಳಿದಿರುವ ತಿಂಗಳುಗಳಲ್ಲಿ ಐದನೆಯ ಇಂಪ್ಲಾಂಟಿಗಾಗಿ ಕಾಯುತ್ತ ಕೂರಬೇಡಿ. ಓರಲ್ ಸರ್ಜರಿಗೆ ಹೋಗಿ ಕೆಳಗಿನ ಬುದ್ಧಿಹಲ್ಲು ತೆಗೆಯುವಾಗ ಫ್ಲಾಪ್ ಎತ್ತಲು ಅವಕಾಶ ಕೇಳಿ, ಪೆರಿಯೊದಲ್ಲಿ ಹೊಲಿಗೆ ಹಾಕಿ. ಈ ಎರಡು ಕೈಗೆ ಹತ್ತಿದರೆ ಇಂಪ್ಲಾಂಟ್ ಶಸ್ತ್ರಕ್ರಿಯೆಯಲ್ಲಿ ಭಯ ಹುಟ್ಟಿಸುವ ಅರ್ಧ ಭಾಗ ಮುಗಿದಂತೆ. ಕೆಟ್ಟ ಇಂಪ್ಲಾಂಟನ್ನು ಹೊರತೆಗೆಯುವ ದಿನ ಯಾವ ವಿಭಾಗದಲ್ಲಿ ಬಂದರೂ ತಪ್ಪಿಸಿಕೊಳ್ಳಬೇಡಿ. ಇನ್ನು ವಾರಕ್ಕೊಂದು ಹಳೆಯ ಸಿಬಿಸಿಟಿ ತೆಗೆದು, ಯಾವ ಅಳತೆಯ ಇಂಪ್ಲಾಂಟ್, ಎಲ್ಲಿ, ಯಾವ ಕೋನದಲ್ಲಿ, ಮೇಲೆ ಸ್ಕ್ರೂ ಕ್ರೌನ್ ಬರುತ್ತದೋ ಸಿಮೆಂಟ್ ಕ್ರೌನ್ ಬರುತ್ತದೋ ಎಂದು ಬರೆದಿಟ್ಟು, ಆಮೇಲೆ ಗೈಡ್ ಅಂದು ಏನು ಮಾಡಿದ್ದರು ಎಂದು ತೆರೆದು ನೋಡಿ. ಎಲ್ಲಿ ಬೇರೆಯಾಯಿತೋ ಅಲ್ಲಿ ಅವರನ್ನೇ ಕೇಳಿ. ಹೆಚ್ಚಿನ ಗೈಡುಗಳಿಗೆ ಇಂಥ ಪ್ರಶ್ನೆ ಕೇಳುವವರು ವರ್ಷಕ್ಕೊಬ್ಬರೂ ಸಿಗುವುದಿಲ್ಲ. ಈಗಾಗಲೇ ಹಾಕಿರುವ ನಾಲ್ವರ ಫೋನ್ ನಂಬರು ನಿಮ್ಮ ಬಳಿ ಇರಲಿ, ಕಾಲೇಜು ಬಿಟ್ಟ ಮೇಲೂ ವರ್ಷಕ್ಕೊಮ್ಮೆ ಅವರನ್ನು ವಿಭಾಗಕ್ಕೆ ಕರೆಸಿ ಎಕ್ಸ್‌ರೇ ನೋಡಲು ಗೈಡಿನ ಒಪ್ಪಿಗೆ ಪಡೆದುಕೊಳ್ಳಿ.

ಫಿಸಿಯೋಡಿಸ್ಪೆನ್ಸರ್ ಈಗ ಕೊಳ್ಳಬೇಡಿ. ಕ್ಲಿನಿಕ್ ತೆರೆದ ಮೊದಲ ವರ್ಷ ನಿಮ್ಮ ಬಳಿಗೆ ಬರುವುದು ರೂಟ್ ಕೆನಾಲ್, ಕ್ರೌನ್, ಹಲ್ಲಿನ ಸೆಟ್. ಇಂಪ್ಲಾಂಟಿಗೆ ಒಪ್ಪುವವರು ತಿಂಗಳಿಗೆ ಒಬ್ಬರು ಸಿಕ್ಕರೂ ಹೆಚ್ಚು. ಅದೇ ಊರಿನಲ್ಲಿ ಯಂತ್ರವಿರುವ ಹಿರಿಯರೊಬ್ಬರ ಕ್ಲಿನಿಕ್ಕಿಗೆ ನಿಮ್ಮ ರೋಗಿಯನ್ನು ಕರೆದುಕೊಂಡು ಹೋಗಿ, ಅವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ನೀವೇ ಹಾಕಿ, ಅವರ ಸಮಯಕ್ಕೆ ಸಲ್ಲಬೇಕಾದದ್ದನ್ನು ಸಲ್ಲಿಸಿ. ಆ ಏರ್ಪಾಡಿಗೆ ಕೊಡುವ ದುಡ್ಡು ಯಂತ್ರದ ಕಂತಿಗಿಂತ ಅಗ್ಗ ಬೀಳುತ್ತದೆ, ಮತ್ತು ಯಂತ್ರ ನಿಮ್ಮ ಮಣಿಕಟ್ಟು ವಾಲುತ್ತಿದೆ ಎಂದು ಹೇಳುವುದಿಲ್ಲ.